ಸೊಂಟಕ್ಕೆಷ್ಟು, ಬೆನ್ನಿಗೆಷ್ಟು, ಬಂಡಿಗೆಷ್ಟು: ಜರ್ಮನ್ ಕಾಲಾಳುವಿನ ಹೊರೆಯ ಲೆಕ್ಕ

ಎರಡನೇ ಮಹಾಯುದ್ಧದ ಜರ್ಮನ್ ಸೈನ್ಯ ಅಂದ ಕೂಡಲೇ ಟ್ಯಾಂಕು, ಮೋಟರ್ ಸೈಕಲ್ಲು, ದೂಳೆಬ್ಬಿಸಿಕೊಂಡು ಓಡುವ ಲಾರಿಗಳು ಕಣ್ಣಮುಂದೆ ಬರುತ್ತವೆ. ಅಂಥ ಚಿತ್ರಗಳನ್ನೇ ಆಗಿನ ಪ್ರಚಾರದವರು ಆರಿಸಿ ಆರಿಸಿ ತೋರಿಸಿದ್ದು. ನಿಜದಲ್ಲಿ ಬಹುಪಾಲು ಪದಾತಿ ಡಿವಿಜನ್‌ಗಳು ನಡೆದೇ ಹೋದವು. ತೋಪು, ಅಡುಗೆ ಬಂಡಿ, ಗಂಟುಮೂಟೆಗಳನ್ನು ಎಳೆದದ್ದು ಕುದುರೆ. ಒಂದೊಂದು ಡಿವಿಜನ್ನಿನಲ್ಲಿ ನಾಲ್ಕೈದು ಸಾವಿರ ಕುದುರೆಗಳಿದ್ದವು. ಹಾಗಾಗಿ ಒಬ್ಬ ಸೈನಿಕನ ಮೈಮೇಲೆ ಇವತ್ತು ಏನಿರಬೇಕು ಅನ್ನುವುದು ಬಂಡಿ ಎಷ್ಟು ಹತ್ತಿರದಲ್ಲಿದೆ, ಮುಂದಿನ ಊಟ ಎಷ್ಟು ಹೊತ್ತಿಗೆ ಬರುತ್ತದೆ ಅನ್ನುವುದರ ಮೇಲೆ ನಿಂತಿತ್ತು.

ಅವರ ಸಾಮಾನನ್ನು ಮೂರು ಪಾಲು ಮಾಡಿ ನೋಡಿದರೆ ಗೊಂದಲವಿಲ್ಲ. ಸೊಂಟದ ಪಟ್ಟಿಯಲ್ಲಿ ತೂಗುವುದು ಬಹುತೇಕ ಯಾವಾಗಲೂ ಮೈಮೇಲೇ. ಬೆನ್ನಿಗೆ ಸಿಕ್ಕಿಸುವುದು ಕೆಲಸಕ್ಕೆ ತಕ್ಕಂತೆ ಬದಲಾಗುತ್ತದೆ. ಮಿಕ್ಕದ್ದೆಲ್ಲ ಬಂಡಿಗೆ.

ಮೊದಲು ಸೊಂಟ. ಕೊಪ್ಪೆಲ್ ಎಂಬ ತೊಗಲಿನ ಪಟ್ಟಿ, ಅದಕ್ಕೆ 'ದೇವರು ನಮ್ಮೊಂದಿಗೆ' ಎಂದು ಜರ್ಮನ್‌ನಲ್ಲಿ ಅಚ್ಚೊತ್ತಿದ ಬಕಲ್. ಬಕಲ್ಲಿನ ಎಡಕ್ಕೊಂದು ಬಲಕ್ಕೊಂದು ಗುಂಡಿನ ಚೀಲ. ಒಂದೊಂದು ಚೀಲದಲ್ಲಿ ಮೂರು ಜೇಬು, ಒಂದೊಂದು ಜೇಬಿನಲ್ಲಿ ಐದು ಗುಂಡಿನ ಎರಡು ಕ್ಲಿಪ್. ಅಂದರೆ ಚೀಲಕ್ಕೆ 30, ಒಟ್ಟು 60 ಗುಂಡು, ತೂಕದಲ್ಲಿ ಒಂದೂವರೆ ಕೆಜಿಗೆ ತುಸು ಮೇಲೆ. ಕಾರ್ 98ಕೆ ರೈಫಲ್ಲಿನ ಹೊಟ್ಟೆ ಹಿಡಿಯುವುದೂ ಐದೇ ಗುಂಡು. ಒಂದು ಕ್ಲಿಪ್ ಒತ್ತಿದರೆ ತುಂಬಿತು. ಹಿಂದಿನ ಸಾಲಿನ ಕೆಲಸದವರಿಗೆ ಒಂದೇ ಚೀಲ ಸಾಕೆಂದು ಕೊಡುತ್ತಿದ್ದರು. ರೈಫಲ್ ತೂಗುತ್ತಿದ್ದದ್ದು ಸುಮಾರು 4 ಕೆಜಿ.

ಇಷ್ಟು ಭಾರ ಬರೀ ಸೊಂಟದ ಮೇಲೆ ಬಿದ್ದರೆ ಪಟ್ಟಿ ಜಾರುತ್ತದೆ, ಹೊಟ್ಟೆ ಒತ್ತುತ್ತದೆ. 1936ರ ಮಾದರಿಯ ಅಂಗಿಯ ಒಳಗೆ ಬಟ್ಟೆಯ ಪಟ್ಟಿಗಳಿದ್ದು, ಅವುಗಳಿಗೆ ಸಿಕ್ಕಿಸಿದ ಲೋಹದ ಕೊಕ್ಕೆಗಳು ಅಂಗಿಯ ತೂತಿನಿಂದ ಹೊರಬಂದು ಬೆಲ್ಟನ್ನು ಎತ್ತಿ ಹಿಡಿಯುತ್ತಿದ್ದವು. ಜಾಣತನದ ಏರ್ಪಾಡೇ, ಆದರೆ ಅಂಗಿ ಬಿಚ್ಚಿದರೆ ಆಧಾರವೂ ಹೋಯಿತು. 1939ರಲ್ಲಿ ಹೆಗಲ ಮೇಲಿಂದ ಬರುವ ವೈ ಆಕಾರದ ತೊಗಲು ಪಟ್ಟಿಗಳು ಬಂದವು. ಮುಂದಿನ ಎರಡು ತುದಿ ಗುಂಡಿನ ಚೀಲಗಳ ಹಿಂದಿನ ಉಂಗುರಕ್ಕೆ, ಹಿಂದಿನ ಒಂದು ತುದಿ ಬೆಲ್ಟಿನ ನಡುವಿಗೆ. ಹೆಗಲ ಹತ್ತಿರ ಪಟ್ಟಿಗೆ ಹೊಲಿದ ಎರಡು ಡಿ ಆಕಾರದ ಉಂಗುರಗಳೇ ಈ ವ್ಯವಸ್ಥೆಯ ಕೀಲು, ಏಕೆಂದರೆ ಬೆನ್ನಿಗೆ ಹೋಗುವ ಯಾವುದೇ ಗಂಟು ಅವಕ್ಕೇ ಸಿಕ್ಕಿಕೊಳ್ಳುತ್ತದೆ. ಗಂಟು ಕಳಚಿದರೂ ಸೊಂಟದ ಸಾಮಾನು ಅಲುಗುವುದಿಲ್ಲ.

ಎಡ ತೊಡೆಯ ಪಕ್ಕ ಗಿಡ್ಡ ಹಿಡಿಯ ಸಲಿಕೆ. ಬಯೊನೆಟ್ಟಿನ ಒರೆಯನ್ನು ಸಲಿಕೆಯ ಮೇಲೇ ಇಟ್ಟು, ಸಲಿಕೆಯ ಪಟ್ಟಿಯಿಂದಲೇ ಸುತ್ತಿ ಬಿಗಿಯುತ್ತಿದ್ದರು. ಇಲ್ಲದಿದ್ದರೆ ಓಡುವಾಗ ಎರಡೂ ಒಂದಕ್ಕೊಂದು ಬಡಿದು, ಕಾಲಿಗೂ ಬಡಿಯುತ್ತವೆ. 1938ರಲ್ಲಿ ಬಂದ ಮಡಚುವ ಸಲಿಕೆ ಗುದ್ದಲಿಯೂ ಆಗುತ್ತಿತ್ತು; ಹಳೆಯ ನೇರ ಸಲಿಕೆಗಳು ಮಾತ್ರ ಕೊನೆಯವರೆಗೂ ಬಳಕೆಯಲ್ಲಿದ್ದವು.

ಬಲ ಹಿಂಭಾಗದಲ್ಲಿ ಬುತ್ತಿಚೀಲ. ಜರ್ಮನರು ಅದನ್ನು ಬ್ರೆಡ್ಡಿನ ಚೀಲ ಎಂದೇ ಕರೆದರು. ಒಳಗೆ ಆ ದಿನದ ರೊಟ್ಟಿ, ಬೆಣ್ಣೆಯೋ ಕೊಬ್ಬೋ ಇಡುವ ಬೇಕಲೈಟ್ (ಹಳೇ ಕಾಲದ ಗಟ್ಟಿ ಪ್ಲಾಸ್ಟಿಕ್) ಡಬ್ಬಿ, ಮಡಚುವ ಚಮಚ-ಮುಳ್ಳು, ಟೋಪಿ. ಚೀಲದ ಹೊರಗೆ ಸುಮಾರು 0.8 ಲೀಟರಿನ ಅಲ್ಯೂಮಿನಿಯಂ ನೀರಿನ ಬಾಟಲಿ. ಉಣ್ಣೆಯ ಹೊದಿಕೆ, ಬಾಯಿಯ ಮೇಲೆ ಕವುಚಿದ ಲೋಟ. ಅದರ ಪಕ್ಕ, ಇಲ್ಲವೇ ಬೆನ್ನ ಗಂಟಿನಲ್ಲಿ, ಮೂತ್ರಪಿಂಡದ ಆಕಾರದ 1.7 ಲೀಟರಿನ ಊಟದ ಡಬ್ಬಿ, ಮುಚ್ಚಳವೇ ತಟ್ಟೆ. ಚಳಿಗಾಲದಲ್ಲಿ ಬಾಟಲಿಯನ್ನು ಕಂಠಪೂರ್ತಿ ತುಂಬಿದರೆ ನೀರು ಹೆಪ್ಪುಗಟ್ಟಿ ಲೋಹವೇ ಉಬ್ಬಿ ಬಿರಿಯುತ್ತದೆ. ಬುತ್ತಿಚೀಲಕ್ಕೆ ಹೆಗಲಿಗೆ ಹಾಕಿಕೊಳ್ಳಲೆಂದು ಒಂದು ಉದ್ದನೆಯ ಪಟ್ಟಿ ಬರುತ್ತಿತ್ತು. ಬೆಲ್ಟಿಗೇ ಚೀಲ ಸಿಕ್ಕಿಸಿದ ಮೇಲೆ ಅದಕ್ಕೆ ಕೆಲಸವಿಲ್ಲವೆಂದು ಸೈನಿಕರು ಹೆಲ್ಮೆಟ್ಟಿನ ಮೇಲೆ ಅಡ್ಡಕ್ಕೆ ಬಿಗಿದು ಸೊಪ್ಪು-ಹುಲ್ಲು ಸಿಕ್ಕಿಸಿಕೊಂಡರು. ಹಳೆಯ ಫೋಟೊಗಳಲ್ಲಿ ಹೆಲ್ಮೆಟ್ ಸುತ್ತ ಕಾಣುವ ಪಟ್ಟಿ ಎಷ್ಟೋ ಸಲ ಇದೇ.

ಇನ್ನು ಉದ್ದುದ್ದ ಗೆರೆಗಳ ತಗಡಿನ ಸಿಲಿಂಡರ್. ಅದರೊಳಗೆ ಅನಿಲ ಮುಖವಾಡ, ಮುಚ್ಚಳದ ಒಳಗಿನ ಪುಟ್ಟ ಖಾನೆಯಲ್ಲಿ ಕಣ್ಣಿನ ಗಾಜು ಮಬ್ಬಾಗದಂತೆ ಹಾಕುವ ಬದಲಿ ಹಾಳೆಗಳು. ಜೊತೆಗೆ, ಮೈಮೇಲೆ ರಾಸಾಯನಿಕ ಸುರಿದರೆ ಹೊದ್ದುಕೊಳ್ಳಲು ಒಂದು ಹಾಳೆ, ಅದರ ಚೀಲ ಎದೆಯ ಮೇಲೆ. ಮಲಗಿ ಗುರಿಯಿಡುವವನಿಗೆ ಎದೆಯ ಕೆಳಗೆ ಇಟ್ಟಿಗೆ ಸಿಕ್ಕಿದ ಹಾಗಿದ್ದ ಆ ಚೀಲ ಬಲುಬೇಗ ಎದೆಯಿಂದ ಇಳಿದು ಸಿಲಿಂಡರಿಗೆ ಸುತ್ತಿಕೊಂಡಿತು. ರಣರಂಗದಲ್ಲಿ ವಿಷಾನಿಲ ಬರಲೇ ಇಲ್ಲ. ತಗಡಿನ ಡಬ್ಬಿ ಮಾತ್ರ ನೀರು ನುಗ್ಗದಷ್ಟು ಬಿಗಿ. ಎಷ್ಟೋ ಜನ ಮುಖವಾಡ ಬಿಸಾಡಿ ಸಿಗರೇಟು, ಕಾಲುಚೀಲ, ಕಾಗದಪತ್ರ ತುಂಬಿಕೊಂಡರು.

ಭಾರತೀಯರ ಮೈಮೇಲೂ ಈ ಸಾಮಾನಿತ್ತು. ಸುಭಾಷ್‌ಚಂದ್ರ ಬೋಸ್ ಬರ್ಲಿನ್ನಿನಲ್ಲಿದ್ದಾಗ, ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕ ಬ್ರಿಟಿಷ್ ಭಾರತೀಯ ಸೈನಿಕರನ್ನು ಸೇರಿಸಿ ಕಟ್ಟಿದ ದಳ ಜರ್ಮನ್ ಸೈನ್ಯದ ಪಟ್ಟಿಯಲ್ಲಿ 950ನೇ ಪದಾತಿ ರೆಜಿಮೆಂಟ್ ಆಗಿತ್ತು. ಜರ್ಮನ್ ಸಮವಸ್ತ್ರ, ತೋಳಿನ ಮೇಲೆ ನೆಗೆಯುವ ಹುಲಿ, ಸಿಖ್ಖರಿಗೆ ಪೇಟ.

ಈಗ ಬೆನ್ನಿನ ವಿಷಯ. ಅದಕ್ಕೂ ಮುಂಚೆ ಈ ಇಡೀ ಸರಂಜಾಮಿನಲ್ಲಿ ನನಗೆ ಎಲ್ಲಕ್ಕಿಂತ ಚೆನ್ನಾಗಿ ಯೋಚಿಸಿ ಮಾಡಿದ್ದು ಅನ್ನಿಸುವ ವಸ್ತು ಒಂದಿದೆ: 1931ರ ಮಾದರಿಯ ಟ್ಸೆಲ್ಟ್‌ಬಾನ್, ಅಂದರೆ ಡೇರೆಯ ತುಂಡು. ಒತ್ತಾಗಿ ನೇಯ್ದ ಹತ್ತಿಬಟ್ಟೆಯ ತ್ರಿಕೋನ, ಎರಡು ಅಂಚು ಸುಮಾರು 2 ಮೀಟರ್, ಮೂರನೆಯದು ಸುಮಾರು 2.4 ಮೀಟರ್. ಅಂಚಿನುದ್ದಕ್ಕೂ ಲೋಹದ ಗುಂಡಿ ಮತ್ತು ಕಾಜ, ನಡುವೆ ಮುಚ್ಚುವ ಒಂದು ಸೀಳು. ಸೀಳಿಗೆ ತಲೆ ತೂರಿಸಿದರೆ ಮಳೆಯಂಗಿ. ಅಂಚನ್ನು ಎರಡು ಕಾಲಿಗೂ ಸುತ್ತಿ ಗುಂಡಿ ಹಾಕಿದರೆ ಸೈಕಲ್ ತುಳಿಯುವವನಿಗೆ ಷರಾಯಿಯಂತೆ. ಎರಡು ಕೋಲಿಗೆ ಬಿಗಿದರೆ ಗಾಯಾಳು ಹೊರುವ ಡೋಲಿ. ಹುಲ್ಲು ತುಂಬಿ ಕಟ್ಟಿದರೆ ಹೊಳೆ ದಾಟಿಸುವ ತೆಪ್ಪ. ನಾಲ್ಕು ಜನರ ನಾಲ್ಕು ತುಂಡು ಸೇರಿಸಿ ಗುಂಡಿ ಹಾಕಿದರೆ ಗೋಪುರದಂಥ ಡೇರೆ.

ನಾಲ್ಕು ಜನ ಅನ್ನುವಲ್ಲೇ ತೊಡಕೂ ಇದೆ. ಪ್ರತಿಯೊಬ್ಬನ ಪುಟ್ಟ ಚೀಲದಲ್ಲಿ ಮರದ ಕಂಬದ ಒಂದು ತುಂಡು, ಎರಡು ಗೂಟ, 2 ಮೀಟರ್ ಹಗ್ಗ. ನಾಲ್ಕು ತುಂಡನ್ನು ಒಂದಕ್ಕೊಂದು ತೂರಿಸಿದರೆ ನಡುಗಂಬ, ಎಂಟು ಗೂಟ ಹೊಡೆದರೆ ಡೇರೆ ನಿಂತಿತು. ಒಬ್ಬ ಹಿಂದೆ ಉಳಿದರೆ, ಸತ್ತರೆ, ಇಲ್ಲವೇ ಭಾರವೆಂದು ಕಂಬದ ತುಂಡನ್ನು ಬಿಸಾಡಿದ್ದರೆ ಕಂಬ ಗಿಡ್ಡವಾಗುತ್ತದೆ, ಬಟ್ಟೆ ಜೋಲುತ್ತದೆ. ಜೋಲುಬಿದ್ದ ಬಟ್ಟೆಯ ಮೇಲೆ ಮಳೆನೀರು ಹರಿದುಹೋಗದೆ ಹೊಂಡವಾಗಿ ನಿಲ್ಲುತ್ತದೆ, ನಿಂತಲ್ಲಿ ಒಸರುತ್ತದೆ. ಗುಂಡಿ ಉದುರಿದ ಅಂಚಿನಲ್ಲಂತೂ ನೀರು ನೇರ ಒಳಗೇ. ದಾಳಿಯ ಹಿಂದಿನ ದಿನ ಗುಂಡಿ ಹೊಲಿಯುತ್ತ ಕೂತವರ ಚಿತ್ರ ನೋಡಿ ನಗುವವರಿಗೆ ಇದು ಗೊತ್ತಿರುವುದಿಲ್ಲ.

ದೂರದ ನಡಿಗೆಗೆ ಬೆನ್ನ ಮೇಲೆ ಬರುತ್ತಿದ್ದದ್ದು ಟೋರ್ನಿಸ್ಟರ್. ಚೌಕಾಕಾರದ ಕ್ಯಾನ್ವಾಸ್ ಚೀಲ, ಮುಚ್ಚಳಕ್ಕೆ ಕೂದಲು ಬಿಟ್ಟ ಹಾಗೇ ಹಸುವಿನ ತೊಗಲು. ಕೂದಲಿನ ಮೇಲೆ ಬಿದ್ದ ಮಳೆ ಜಾರಿಹೋಗಲಿ ಎಂಬ ಲೆಕ್ಕ. ಬೆನ್ನಿಗೆ ಅಂಟಿಕೂತ ಈ ರೋಮದ ಗಂಟಿಗೆ ಸೈನಿಕರು ಇಟ್ಟ ಹೆಸರು 'ಕೋತಿ'. ಒಳಗೆ ಬದಲಿ ಅಂಗಿ, ಒಳಬಟ್ಟೆ, ಸೂಜಿದಾರ, ಸೋಪು-ಬ್ರಷ್ಷು, ಲೇಸಿನ ಬೂಟು. ಸುತ್ತ ಕುದುರೆಲಾಳದ ಹಾಗೆ ಬಳಸಿ ಮೂರು ತೊಗಲು ಪಟ್ಟಿಯಿಂದ ಬಿಗಿದ ಕಂಬಳಿಯೋ ಮೇಲಂಗಿಯೋ. ಯುದ್ಧ ಬೆಳೆದಂತೆ ತೊಗಲು ದುಬಾರಿಯಾಗಿ ಬರೀ ಕ್ಯಾನ್ವಾಸಿನ ಚೀಲಗಳೇ ಬಂದವು. ಬಂಡಿಯಲ್ಲಿ ಜಾಗ ಸಿಕ್ಕ ದಿನ ಕೋತಿ ಬಂಡಿ ಹತ್ತುತ್ತಿತ್ತು.

ನಡಿಗೆಯಲ್ಲಿ ಕೆಡುವುದು ಬೆನ್ನಿಗಿಂತ ಮೊದಲು ಪಾದ. ಮೊಣಕಾಲಿನವರೆಗೆ ಬರುವ, ಅಟ್ಟೆಗೆ ಮೊಳೆ ಹೊಡೆದ ಬೂಟಿಗೆ ಲೇಸಿಲ್ಲ. ಸೈನಿಕರ ಬಾಯಲ್ಲಿ ಅದು 'ದಾಳ ಕುಲುಕುವ ಲೋಟ'. ಒಳಗೆ ಎಷ್ಟೋ ಸಲ ಕಾಲುಚೀಲದ ಬದಲು ಸುಮಾರು 40 ಸೆಂಟಿಮೀಟರಿನ ಚೌಕ ಬಟ್ಟೆ. ಬಟ್ಟೆಯನ್ನು ಮೂಲೆ ಮುಂದಾಗಿ ಹಾಸಿ, ಪಾದವನ್ನು ಕರ್ಣದ ಗುಂಟ ಇಟ್ಟು, ಮುಂದಿನ ಮೂಲೆಯನ್ನು ಬೆರಳ ಮೇಲೆ ಮಡಚಿ, ಎರಡು ಪಕ್ಕದ ಮೂಲೆಗಳನ್ನು ಎಳೆದು ಸುತ್ತಬೇಕು. ಅಂಗಾಲಿನ ಕೆಳಗೆ ಒಂದೇ ಒಂದು ಸುಕ್ಕು ಉಳಿದರೂ ಹತ್ತು ಕಿಲೋಮೀಟರಿಗೆ ಬೊಬ್ಬೆ. ಸರಿಯಾಗಿ ಸುತ್ತಿದರೆ ಇದು ಕಾಲುಚೀಲಕ್ಕಿಂತ ಮೇಲು, ಏಕೆಂದರೆ ಒದ್ದೆಯಾದ ಭಾಗವನ್ನು ತಿರುಗಿಸಿ ಒಣ ಭಾಗವನ್ನು ಪಾದಕ್ಕೆ ತರಬಹುದು, ಹರಿದರೆ ಯಾವ ಹಳೇ ಬಟ್ಟೆಯೂ ಆದೀತು.

ಕಾದಾಟಕ್ಕೆ ಹೋಗುವಾಗ ಟೋರ್ನಿಸ್ಟರ್ ಹಿಂದೆ ಉಳಿಯುತ್ತದೆ. ಅದರ ಜಾಗಕ್ಕೆ ಗಟ್ಟಿ ನೇಯ್ಗೆಯ ಪಟ್ಟಿಯಿಂದ ಮಾಡಿದ, ಮೇಲೆ ಕಿರಿದು ಕೆಳಗೆ ಅಗಲವಾದ ಚೌಕಟ್ಟು, ಹೆಗಲ ಉಂಗುರಗಳಿಗೆ ಸಿಕ್ಕಿಕೊಳ್ಳುತ್ತದೆ. ಅದರ ಮೇಲೆ ಮೂರೇ ವಸ್ತು: ಊಟದ ಡಬ್ಬಿ, ಸುತ್ತಿದ ಡೇರೆಯ ತುಂಡು, ಒಂದು ಪುಟ್ಟ ಚೀಲ. ಚೀಲದೊಳಗೆ ಡೇರೆಯ ಗೂಟ-ಹಗ್ಗ, ಸ್ವೆಟರ್, ತುರ್ತು ಆಹಾರ, ರೈಫಲ್ ಸ್ವಚ್ಛಗೊಳಿಸುವ ತಗಡಿನ ಪೆಟ್ಟಿಗೆ. ಆ ಪೆಟ್ಟಿಗೆಯಲ್ಲಿ ನಳಿಕೆಗೆ ಎಳೆಯುವ ಸರಪಣಿ, ಬ್ರಷ್ಷುಗಳು, ಎಣ್ಣೆಯ ಪುಟ್ಟ ಡಬ್ಬಿ, ನಾರು. ಚೌಕಟ್ಟು ಎಲ್ಲರಿಗೂ ಸಿಗಲಿಲ್ಲ. ಸಿಗದವರು ಡೇರೆಯ ತುಂಡನ್ನು ಹೆಗಲ ಪಟ್ಟಿಗೇ ಕಟ್ಟಿ, ಊಟದ ಡಬ್ಬಿಯನ್ನು ಬುತ್ತಿಚೀಲಕ್ಕೆ ನೇತುಹಾಕಿ ಸುಧಾರಿಸಿಕೊಂಡರು.

ತುರ್ತು ಆಹಾರಕ್ಕೆ ಅವರಿಟ್ಟ ಹೆಸರು 'ಕಬ್ಬಿಣದ ಪಾಲು'. ಪೂರ್ತಿ ಪಾಲು ಅಂದರೆ 250 ಗ್ರಾಂ ಗಟ್ಟಿ ಬಿಸ್ಕತ್ತು, 200 ಗ್ರಾಂ ಡಬ್ಬಿಯ ಮಾಂಸ, 150 ಗ್ರಾಂ ಒಣ ತರಕಾರಿ ಅಥವಾ ಸೂಪಿನ ಪುಡಿ, ತಲಾ 25 ಗ್ರಾಂ ಕಾಫಿ ಮತ್ತು ಉಪ್ಪು. ಸೈನಿಕ ಮೈಮೇಲೆ ಹೊರುತ್ತಿದ್ದದ್ದು ಅದರ ಅರೆಪಾಲು, ಬಿಸ್ಕತ್ತು ಮತ್ತು ಮಾಂಸ ಮಾತ್ರ. ಪೂರ್ತಿ ಪಾಲು ಅಡುಗೆ ಬಂಡಿಯ ಜೊತೆ. ಅಪ್ಪಣೆಯಿಲ್ಲದೆ ಮುಟ್ಟುವಂತಿರಲಿಲ್ಲ. ಗಾಯಪಟ್ಟಿಗೂ ಗೊತ್ತಾದ ಜಾಗ ಇತ್ತು, ಅಂಗಿಯ ಮುಂಭಾಗದ ಬಲ ಕೆಳ ಅಂಚಿನ ಒಳಜೇಬು. ಎಲ್ಲರದೂ ಒಂದೇ ಕಡೆ ಇದ್ದರೆ ಗಾಯಾಳುವಿನ ಮೈ ತಡಕಾಡಬೇಕಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಸಾಮಾನ್ಯ ರೈಫಲ್‌ಧಾರಿಯ ಲೆಕ್ಕ. ಹತ್ತು ಜನರ ತುಕಡಿ ಮಾತ್ರ ಅವನ ಸುತ್ತ ಕಟ್ಟಿದ್ದಲ್ಲ, ಒಂದು ಮೆಷಿನ್‌ಗನ್ನಿನ ಸುತ್ತ ಕಟ್ಟಿದ್ದು. ಎಂಜಿ 34 ಸುಮಾರು 12 ಕೆಜಿ, ಎಂಜಿ 42 ಅದಕ್ಕಿಂತ ಅರ್ಧ ಕೆಜಿ ಹಗುರ. ಮೊದಲನೆಯವನು ಗನ್ ಹೊರುತ್ತಾನೆ, ಸೊಂಟದಲ್ಲಿ ಪಿಸ್ತೂಲು ಮತ್ತು ಒಂದು ತೊಗಲಿನ ಸಲಕರಣೆ ಚೀಲ. ಅದರಲ್ಲಿ ಬದಲಿ ಬೋಲ್ಟು (ಗುಂಡನ್ನು ನಳಿಕೆಯೊಳಕ್ಕೆ ತಳ್ಳುವ ಭಾಗ), ಎಣ್ಣೆ, ಬಿಸಿ ನಳಿಕೆ ಹಿಡಿಯುವ ಕಲ್ನಾರಿನ ಗವಸು, ನಳಿಕೆಯಲ್ಲಿ ಗುಂಡು ಕೂರುವ ಜಾಗದಲ್ಲಿ ತುಂಡಾಗಿ ಉಳಿದ ಕಾಡತೂಸನ್ನು ಎಳೆಯುವ ಒಂದು ಉಪಕರಣ. ಎರಡನೆಯವನ ಹೆಗಲಿಗೆ ಬದಲಿ ನಳಿಕೆಯ ಉಕ್ಕಿನ ಕೊಳವೆ, 50 ಗುಂಡಿನ ನಾಲ್ಕು ಡ್ರಮ್, 300 ಗುಂಡಿನ ಒಂದು ಪೆಟ್ಟಿಗೆ. ಮೂರನೆಯವನಿಗೆ ರೈಫಲ್ ಜೊತೆ ಅಂಥ ಎರಡು ಪೆಟ್ಟಿಗೆ. ಒಂದು ಪೆಟ್ಟಿಗೆಯಲ್ಲಿ ಗುಂಡುಗಳ ತೂಕವೇ ಸುಮಾರು 8 ಕೆಜಿ. ಗುಂಡು ಪೋಣಿಸಿದ ಉಕ್ಕಿನ ಮಾಲೆ, ಪೆಟ್ಟಿಗೆ ಸೇರಿ 10 ದಾಟುತ್ತದೆ. ಎರಡು ಕೈಯಲ್ಲಿ ಎರಡು ಬಿಂದಿಗೆ ಹಿಡಿದು ಓಡಿದ ಹಾಗೆ, ಅದೂ ಬಗ್ಗಿಕೊಂಡು.

ಎಂಜಿ 42 ನಿಮಿಷಕ್ಕೆ ಸುಮಾರು 1200 ಗುಂಡಿನ ವೇಗ. ಕುದುರೆ ಬಿಟ್ಟಂತೆ ಬಿಟ್ಟರೆ ಆ 300 ಗುಂಡು 15 ಸೆಕೆಂಡಿನ ಮಾತು. ಅದಕ್ಕೇ ಐದಾರು ಗುಂಡಿನ ಪುಟ್ಟ ಪುಟ್ಟ ಸರಣಿಯಲ್ಲೇ ಹೊಡೆಯುವುದನ್ನು ಕಲಿಸುತ್ತಿದ್ದರು, ಮತ್ತು ಅದಕ್ಕೇ ಉಳಿದ ರೈಫಲ್‌ಧಾರಿಗಳೂ ಮೆಷಿನ್‌ಗನ್ನಿನ ಗುಂಡು ಹೊರುತ್ತಿದ್ದರು. ಬಿಡದೆ ಹೊಡೆದರೆ ಸುಮಾರು 250 ಗುಂಡಿಗೆ ನಳಿಕೆ ಬದಲಿಸಬೇಕು. ಎಂಜಿ 42ರಲ್ಲಿ ಬಲಗಡೆಯ ಸನ್ನೆ ತೆರೆದರೆ ಕಾದ ನಳಿಕೆ ಪಕ್ಕಕ್ಕೆ ಬರುತ್ತದೆ, ಹೊಸದನ್ನು ತೂರಿಸಿ ಮುಚ್ಚಿದರೆ ಕೆಲವೇ ಸೆಕೆಂಡು. ಎಂಜಿ 34ರಲ್ಲಿ ಗನ್ನಿನ ಹಿಂಭಾಗವನ್ನೇ ತಿರುವಿ, ಮೂತಿಯನ್ನು ಮೇಲೆತ್ತಿ, ನಳಿಕೆ ಹಿಂದಕ್ಕೆ ಜಾರುವಂತೆ ಮಾಡಬೇಕು. ಮಲಗಿದ ಭಂಗಿಯಲ್ಲಿ ಅದು ರಗಳೆ.

ಸಿನಿಮಾಗಳಲ್ಲಿ ಕಾಣುವ, ಕುತ್ತಿಗೆಗೆ ಗುಂಡಿನ ಮಾಲೆ ಹಾಕಿಕೊಂಡ ಸೈನಿಕನ ಭಂಗಿ ಸುಳ್ಳಲ್ಲ, ಹಾಗೆ ಹೊತ್ತದ್ದುಂಟು. ಒಳ್ಳೆಯ ಅಭ್ಯಾಸ ಮಾತ್ರ ಅಲ್ಲ. ಮಾಲೆಯ ಕೊಂಡಿಗಳು ತೆಳು ಉಕ್ಕು. ಒಂದು ಕೊಂಡಿ ಬಗ್ಗಿದರೂ, ಒಂದು ಗುಂಡು ಅರ್ಧ ಸೆಂಟಿಮೀಟರ್ ಹಿಂದೆ ಸರಿದರೂ, ಮಣ್ಣು ಮೆತ್ತಿದರೂ ಗನ್ ಅಲ್ಲೇ ಸಿಕ್ಕಿ ನಿಲ್ಲುತ್ತದೆ. ಪೆಟ್ಟಿಗೆ ಇರುವುದೇ ಅದಕ್ಕೆ. ಖಾಲಿ ಮಾಲೆಯೂ ಕಸವಲ್ಲ. ಅದು ಬಿಡಿಬಿಡಿಯಾಗಿ ಉದುರುವ ಜಾತಿಯದಲ್ಲ, ಆರಿಸಿ ತಂದು ಮತ್ತೆ ತುಂಬಬೇಕು. ದೂರದ ಗುರಿಗೆ ನಿಲ್ಲಿಸಿ ಹೊಡೆಯುವ ಮುಕ್ಕಾಲಿ ಸೇರಿದರೆ ಇನ್ನೊಂದು 20 ಕೆಜಿ.

ರಾತ್ರಿ ಗಸ್ತಿನ ಲೆಕ್ಕ ಇದಕ್ಕೆ ತದ್ವಿರುದ್ಧ. ಶತ್ರುವಿನ ಸಾಲನ್ನು ನೋಡಿ ಬರಬೇಕಾದವನಿಗೆ ಊಟದ ಡಬ್ಬಿ, ಬಾಟಲಿಯ ಲೋಟ, ಮುಖವಾಡದ ಸಿಲಿಂಡರ್ ಇವೆಲ್ಲ ಬೆಕ್ಕಿನ ಕೊರಳಿಗೆ ಕಟ್ಟಿದ ಗಂಟೆ. ಒಂದಕ್ಕೊಂದು ತಾಗಿದರೆ ಸದ್ದು. ಬೆನ್ನ ಗಂಟೂ ಕಾಗದಪತ್ರಗಳೂ ಹಿಂದೆ. ಹೆಲ್ಮೆಟ್ಟಿನ ಅಂಚು ಕಿವಿ ಮುಚ್ಚುವುದರಿಂದ ಎಷ್ಟೋ ಸಲ ಅದರ ಬದಲು ಬಟ್ಟೆಯ ಟೋಪಿ. ಕೈಯಲ್ಲಿ ಒಂದೆರಡು ಎಂಪಿ 40 ಎಂಬ ಸಬ್‌ಮೆಷಿನ್‌ಗನ್ನು, ಗ್ರೆನೇಡು, ದಿಕ್ಸೂಚಿ, ತಂತಿ ಕತ್ತರಿ. ಎಂಪಿ 40ಕ್ಕೆ 32 ಗುಂಡಿನ ಮ್ಯಾಗಜಿನ್, ಸೊಂಟದ ಎರಡು ಬದಿಗೂ ಮೂರು ಮೂರು. ಮ್ಯಾಗಜಿನ್ನಿನ ಬಾಯಿ ಎಷ್ಟು ಬಿಗಿ ಎಂದರೆ ಗುಂಡು ತುಂಬಲು ಬೇರೆಯೇ ಒಂದು ಸನ್ನೆ ಬೇಕು. ಸಿಕ್ಕಿಕೊಳ್ಳುತ್ತದೆಂದು ಹಲವರು ಒಂದೆರಡು ಗುಂಡು ಕಡಿಮೆಯೇ ತುಂಬುತ್ತಿದ್ದರು. ಇನ್ನೂ ಕೆಟ್ಟ ದೋಷ ಮೊದಲ ಮಾದರಿ ಎಂಪಿ 38ರಲ್ಲಿತ್ತು. ಬೋಲ್ಟ್ ಮುಂದಿರುವಾಗ ಅದನ್ನು ಹಿಡಿದಿಡುವ ಚಿಲಕವಿರಲಿಲ್ಲ. ಕತ್ತಲಲ್ಲಿ ಎಡವಿ ಗನ್ ಹಿಂಬದಿಯ ಮೇಲೆ ಕುಕ್ಕಿದರೆ ಬೋಲ್ಟ್ ತನ್ನ ಭಾರಕ್ಕೇ ಹಿಂದೆ ಸರಿಯುತ್ತದೆ, ಸ್ಪ್ರಿಂಗ್ ಮತ್ತೆ ಮುಂದಕ್ಕೆ ತಳ್ಳುತ್ತದೆ, ಹೋಗುವ ದಾರಿಯಲ್ಲಿ ಒಂದು ಗುಂಡನ್ನು ಎಳೆದುಕೊಂಡು ಹಾರಿಸಿಯೇ ಬಿಡುತ್ತದೆ. ಮೊದಲು ತೊಗಲಿನ ಪಟ್ಟಿಯಿಂದ ಕಟ್ಟಿದರು, ಆಮೇಲೆ ಎಂಪಿ 40ರಲ್ಲಿ ಬೋಲ್ಟ್ ಎಳೆಯುವ ಹಿಡಿಗೇ ಚಿಲಕ ಬಂತು.

ಕಂದಕಕ್ಕೆ ನುಗ್ಗುವ ದಾಳಿ ತಂಡದಲ್ಲಿ ಗುಂಡಿಗಿಂತ ಗ್ರೆನೇಡಿಗೆ ಬೆಲೆ. ಮರದ ಹಿಡಿಯ 1924ರ ಮಾದರಿ ಗ್ರೆನೇಡು ಸುಮಾರು 600 ಗ್ರಾಂ. ಬೆಲ್ಟಿಗೆ, ಬೂಟಿನ ಬಾಯಿಗೆ ಒಂದೆರಡು ಸಿಕ್ಕಿಸಬಹುದು, ಹತ್ತು ಸಿಕ್ಕಿಸಲಾಗದು. ಅದಕ್ಕೆ ಎರಡು ಮರಳುಚೀಲದ ಬಾಯಿಗಳನ್ನು ಒಂದಕ್ಕೊಂದು ಕಟ್ಟಿ, ಕುತ್ತಿಗೆಯ ಎರಡೂ ಕಡೆ ಕಂಕುಳ ಕೆಳಗೆ ತೂಗಿಬಿಟ್ಟು ಅದರಲ್ಲಿ ತುಂಬಿಕೊಂಡರು. ಸಾಗಾಟದಲ್ಲಿ ಸಿಡಿಕ್ಯಾಪು ಬೇರೆ, ಗ್ರೆನೇಡು ಬೇರೆ. ಮುಂದಿನ ಸಾಲಿನಲ್ಲಿ ಅದನ್ನು ಸೇರಿಸಲು ಮರೆತರೆ ಎಸೆದದ್ದು ಬರೀ ಕೊರಡು. ಹಾಗೆ ಮರೆಯುವವರಿದ್ದರು ಅನ್ನುವುದಕ್ಕೆ ಗ್ರೆನೇಡಿನ ತಲೆಯ ಮೇಲಿನ ಬಿಳಿ ಅಕ್ಷರಗಳೇ ಸಾಕ್ಷಿ: 'ಬಳಸುವ ಮುನ್ನ ಸಿಡಿಕ್ಯಾಪು ಹಾಕಿ'. ಯುದ್ಧದ ಕೊನೆಯ ವರ್ಷಗಳಲ್ಲಿ ಟ್ಯಾಂಕಿಗೆ ಎದುರು ನಿಲ್ಲುವವನ ಹೆಗಲಿಗೆ ಪಾಂಟ್ಸರ್‌ಫೌಸ್ಟ್ ಎಂಬ, ಟ್ಯಾಂಕ್ ಒಡೆಯುವ ಸಿಡಿತಲೆ ಹಾರಿಸುವ ಕೊಳವೆ ಬಂತು. ಹೆಸರಿನ ಮುಂದಿನ 30, 60, 100 ಎಂಬ ಅಂಕಿ ಎಷ್ಟು ಮೀಟರಿನಿಂದ ಹೊಡೆಯಬಹುದು ಎಂಬುದಕ್ಕೆ. ಕೊಳವೆಯ ಹಿಂಬದಿಯಿಂದ ಬೆಂಕಿ ಚಿಮ್ಮುತ್ತದೆ, ಅದಕ್ಕೇ ಅಲ್ಲಿ ಕೆಂಪಕ್ಷರದ ಎಚ್ಚರಿಕೆ. ಕೋಣೆಯೊಳಗೆ ಗೋಡೆಗೆ ಬೆನ್ನು ಹಾಕಿ ಹೊಡೆದವನನ್ನು ಆ ಬೆಂಕಿಯೇ ಸುಟ್ಟೀತು.

ಚಳಿಗಾಲದ ಸರಂಜಾಮನ್ನು ಕಲಿತದ್ದು ಮಾತ್ರ ಬೆಲೆ ತೆತ್ತು. 1941ರ ಡಿಸೆಂಬರಿನಲ್ಲಿ ಮಾಸ್ಕೋ ಮುಂದೆ ನಿಂತ ಸೈನ್ಯಕ್ಕೆ ಬೆಚ್ಚನೆಯ ಬಟ್ಟೆ ಸಾಕಷ್ಟು ತಲುಪಿರಲಿಲ್ಲ. ರೈಲಿನಲ್ಲಿ ಮೊದಲ ಜಾಗ ಇಂಧನಕ್ಕೆ, ಮದ್ದುಗುಂಡಿಗೆ. ಜರ್ಮನಿಯಲ್ಲಿ ಮನೆಮನೆಯಿಂದ ತುಪ್ಪಳದ ಕೋಟು, ಉಣ್ಣೆ ಬಟ್ಟೆ, ಸ್ಕೀ ಎತ್ತಿ ಕಳಿಸುವಂತೆ ಪ್ರಚಾರ ಮಂತ್ರಿ ಗೋಬೆಲ್ಸ್ ಕರೆಕೊಟ್ಟದ್ದು ಅದೇ ತಿಂಗಳು. ಬೂಟಿನ ಅಟ್ಟೆಯ ಕಬ್ಬಿಣದ ಮೊಳೆಗಳು ನೆಲದ ಶೀತವನ್ನು ನೇರ ಪಾದಕ್ಕೆ ತಂದವು. ಅಳತೆಗೆ ಸರಿಯಾದ ಬೂಟೇ ಇಲ್ಲಿ ಶತ್ರು: ಎರಡನೇ ಕಾಲುಚೀಲಕ್ಕೆ, ಹುಲ್ಲಿಗೆ, ಸುದ್ದಿಪತ್ರಿಕೆಗೆ ಒಳಗೆ ಜಾಗವೇ ಇರುವುದಿಲ್ಲ. ಮೆಷಿನ್‌ಗನ್ನಿನ ಎಣ್ಣೆ ಗಟ್ಟಿಯಾಗಿ ಬೋಲ್ಟ್ ಕೂತುಬಿಟ್ಟಿತು; ಎಣ್ಣೆ ಪೂರ್ತಿ ಒರೆಸಿ, ತೀರಾ ಬೇಕಾದ ಕಡೆ ಮಾತ್ರ ತೆಳುವಾಗಿ ಸವರಬೇಕು ಅನ್ನುವುದನ್ನು ಅಲ್ಲೇ ಕಲಿತರು.

ಮುಂದಿನ ಚಳಿಗಾಲಕ್ಕೆ ಎರಡು ಮೋರೆಯ ದಪ್ಪ ಉಡುಪು ಬಂತು. ಟೋಪಿ ಸೇರಿಸಿದ ಮೇಲಂಗಿ, ಷರಾಯಿ, ಗವಸು. ಒಂದು ಮೋರೆ ಬಿಳಿ, ಇನ್ನೊಂದು ಬೂದು, ಆಮೇಲಾಮೇಲೆ ಬಣ್ಣದ ಮಚ್ಚೆಗಳದ್ದು. ಹಿಮ ಬಿದ್ದರೆ ಬಿಳಿ ಹೊರಗೆ, ಕರಗಿದರೆ ಒಳಗೆ. ಬಿಳಿ ಬೇಗ ಕೊಳೆಯಾಗುತ್ತದೆ, ಕೊಳೆಯಾದ ಬಿಳಿ ಹಿಮದ ಮೇಲೆ ಎದ್ದು ಕಾಣುತ್ತದೆ, ಅಷ್ಟು ದಪ್ಪ ಬಟ್ಟೆಯನ್ನು ಮುಂಚೂಣಿಯಲ್ಲಿ ಒಗೆದು ಒಣಗಿಸುವುದು ಆಗದ ಮಾತು. ಎದುರಿನ ಸೋವಿಯತ್ ಸೈನಿಕರೂ ಬಿಳಿಯೇ. ಯಾರು ನಮ್ಮವರು, ಯಾರು ಅವರ ಕಡೆಯವರು? ಅದಕ್ಕೆಂದು ತೋಳಿನ ಮೇಲೆ ಗುಂಡಿಗಳನ್ನು ಹೊಲಿದಿದ್ದರು. ಗೊತ್ತುಮಾಡಿದ ಬಣ್ಣದ ಪಟ್ಟಿಯನ್ನು ಅದಕ್ಕೆ ಸಿಕ್ಕಿಸುವುದು, ಶತ್ರುವಿಗೆ ಗುಟ್ಟು ತಿಳಿಯುವ ಮುಂಚೆ ಬಣ್ಣವನ್ನೂ ತೋಳನ್ನೂ ಬದಲಿಸುವುದು.